ಕಾಡಿನೊಳಗೆ ಕಡಿದಾದ ಜಾಗ ಎಷ್ಟು ಹೆಕ್ಟೇರ್? ಕ್ಯೂಜಿಐಎಸ್‌ನಲ್ಲಿ ಲೆಕ್ಕ ಹಾಕುವ ಬಗೆ

ಮೊದಲ ಸಲ ಈ ಲೆಕ್ಕ ಮಾಡಿದಾಗ ನನ್ನ ನಕ್ಷೆ ನೋಡಿ ಫಾರೆಸ್ಟ್ ಗಾರ್ಡ್ ಒಬ್ಬರು ನಕ್ಕುಬಿಟ್ಟರು. ಘಟ್ಟದ ಒಂದು ಕಂಪಾರ್ಟ್‌ಮೆಂಟಿನ (ಅರಣ್ಯ ಇಲಾಖೆ ನಂಬರ್ ಕೊಟ್ಟು ಭಾಗ ಮಾಡಿದ ಕಾಡಿನ ತುಂಡು) ಮುಕ್ಕಾಲು ಪಾಲಿಗೆ ನಾನು ಕೆಂಪು ಬಳಿದಿದ್ದೆ. ಅಷ್ಟೂ ಕಡಿದಾದ ಜಾಗ ಅಂತ. “ಸಾರ್, ಈ ಕೆಂಪಲ್ಲಿ ಅರ್ಧ ಕಡೆ ನಾವು ದಿನಾ ಬೈಕ್ ಓಡಿಸ್ತೀವಿ” ಅಂದರು ಅವರು.

ತಪ್ಪು ಹುಡುಕುತ್ತಾ ಹೋದರೆ ಸಿಕ್ಕಿದ್ದು ಒಂದು ಟಿಕ್ ಗುರುತು. ಇಳಿಜಾರನ್ನು ಡಿಗ್ರಿಯಲ್ಲಿ ಕೇಳುವ ಬದಲು ಶೇಕಡಾದಲ್ಲಿ ಕೇಳಿದ್ದೆ. 30 ಡಿಗ್ರಿಗಿಂತ ಜಾಸ್ತಿ ಇರುವ ಜಾಗ ಬೇಕಿತ್ತು. ನಾನು ತೆಗೆದದ್ದು ಶೇಕಡಾ 30ಕ್ಕಿಂತ ಜಾಸ್ತಿ ಇರುವ ಜಾಗ. ಶೇಕಡಾ 30 ಅಂದರೆ ಬರೀ 16.7 ಡಿಗ್ರಿ. ಬೈಕ್ ಹತ್ತದೆ ಇನ್ನೇನು?

ಸಾಫ್ಟ್‌ವೇರ್ ಎರಡು ಸಲವೂ ಒಂದೇ ಗಾಂಭೀರ್ಯದಲ್ಲಿ ಉತ್ತರ ಕೊಡುತ್ತದೆ. ಬಟನ್ ಒತ್ತುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಬಂದ ಉತ್ತರವನ್ನು ಎಷ್ಟು ನಂಬಬೇಕು ಅನ್ನುವುದೇ ಕಷ್ಟದ ಭಾಗ. ಹಾಗಾಗಿ ಈ ಬರಹದಲ್ಲಿ ಎಲ್ಲಿ ಕಾಲು ಜಾರುತ್ತದೋ ಅಲ್ಲೇ ಜಾಸ್ತಿ ಹೊತ್ತು ನಿಂತಿದ್ದೇನೆ. ಉದಾಹರಣೆಗೆ ನಮ್ಮ ಪಶ್ಚಿಮ ಘಟ್ಟದ ಕಾಡನ್ನೇ ಇಟ್ಟುಕೊಂಡಿದ್ದೇನೆ. ಬಳಸುವುದು ಕ್ಯೂಜಿಐಎಸ್, ನಕ್ಷೆ ಮಾಡುವ ಸಾಫ್ಟ್‌ವೇರ್. ಉಚಿತ, ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ.

ಮೊದಲು ತೀರ್ಮಾನ: ಕಡಿದು ಅಂದರೆ ಎಷ್ಟು?

ಕಂಪ್ಯೂಟರ್ ತೆಗೆಯುವ ಮುಂಚೆ ಇದು ಇತ್ಯರ್ಥ ಆಗಬೇಕು. ಕಡಿದು ಅನ್ನುವುದಕ್ಕೆ ಎಲ್ಲ ಕೆಲಸಕ್ಕೂ ಹೊಂದುವ ಒಂದೇ ಸಂಖ್ಯೆ ಇಲ್ಲ. ಗಿಡ ನೆಡುವ ಕೂಲಿಯ ಲೆಕ್ಕಕ್ಕೆ 20 ಡಿಗ್ರಿಯೇ ಕಷ್ಟದ ಜಾಗ ಅನ್ನಿಸಬಹುದು. ಮರ ಕಡಿಯದೆ ಮಣ್ಣು ಕಾಯಲೆಂದು ಬಿಡಬೇಕಾದ ಜಾಗಕ್ಕೆ ಇನ್ನೊಂದು ಮಿತಿ. ಕೆಲಸ ಕೊಟ್ಟವರನ್ನೇ ಕೇಳಿ, ಬರೆಸಿಕೊಳ್ಳಿ. ವರ್ಕಿಂಗ್ ಪ್ಲಾನ್‌ಗೆ (ಅರಣ್ಯ ಇಲಾಖೆ ಕಾಡಿನ ನಿರ್ವಹಣೆಗೆ ಮಾಡುವ ಯೋಜನೆ) ಮಾಡುತ್ತಿದ್ದರೆ ಆ ಪ್ಲಾನ್‌ನಲ್ಲಿ ಏನು ಮಿತಿ ಹೇಳಿದೆಯೋ ಅದೇ ಅಂತಿಮ. ಡಿಗ್ರಿಯೋ ಶೇಕಡಾವೋ ಅನ್ನುವುದನ್ನೂ ಬಾಯಿಬಿಟ್ಟು ಕೇಳಿ. ಎರಡರ ನಂಟು ಹೀಗಿದೆ:

15 ಡಿಗ್ರಿ = ಶೇ. 26.8
20 ಡಿಗ್ರಿ = ಶೇ. 36.4
25 ಡಿಗ್ರಿ = ಶೇ. 46.6
30 ಡಿಗ್ರಿ = ಶೇ. 57.7
35 ಡಿಗ್ರಿ = ಶೇ. 70
45 ಡಿಗ್ರಿ = ಶೇ. 100

ಶೇಕಡಾ 100 ಅಂದರೆ ನೆಟ್ಟಗೆ ನಿಂತ ಗೋಡೆ ಅಂತ ಹಲವರು ತಿಳಿದಿದ್ದಾರೆ. ಅಲ್ಲ. ನೂರು ಮೀಟರ್ ಮುಂದೆ ಹೋದರೆ ನೂರು ಮೀಟರ್ ಏರುತ್ತದೆ ಅಂತ ಅಷ್ಟೇ. ಈ ಬರಹದಲ್ಲಿ 30 ಡಿಗ್ರಿಯನ್ನು ಮಿತಿಯಾಗಿ ಇಟ್ಟುಕೊಳ್ಳೋಣ.

ಇನ್ನೊಂದು ಮಾತು. ಕಡಿದಾದ ಜಾಗದ ನಕ್ಷೆ ಭೂಕುಸಿತದ ನಕ್ಷೆ ಅಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಬರೆ ಕುಸಿದದ್ದು, 2024ರ ಜುಲೈನಲ್ಲಿ ಅಂಕೋಲದ ಶಿರೂರಿನಲ್ಲಿ ಗುಡ್ಡ ಜಾರಿದ್ದು ಎಲ್ಲರಿಗೂ ನೆನಪಿದೆ. ಅಂಥ ಕುಸಿತಕ್ಕೆ ಮಣ್ಣಿನ ಆಳ, ನೀರು ಹರಿಯುವ ದಾರಿ, ರಸ್ತೆಗೆ ಕಡಿದ ದರೆ, ಮಳೆ ಎಲ್ಲವೂ ಸೇರುತ್ತವೆ. ಇಲ್ಲಿ ನಾವು ಅಳೆಯುತ್ತಿರುವುದು ಇಳಿಜಾರನ್ನು ಮಾತ್ರ.

ಬೇಕಾದ ಎರಡು ಸಾಮಾನು

ಒಂದು, ಕಂಪಾರ್ಟ್‌ಮೆಂಟ್ ಅಥವಾ ನೆಡುತೋಪಿನ ಗಡಿ, ಪಾಲಿಗನ್ ರೂಪದಲ್ಲಿ, ಅಂದರೆ ಸುತ್ತ ಗೆರೆ ಎಳೆದು ಮುಚ್ಚಿದ ಆಕಾರ. ಇನ್ನೊಂದು, ನೆಲದ ಎತ್ತರ ಹೇಳುವ ರಾಸ್ಟರ್ (ಪಿಕ್ಸೆಲ್ ಎಂಬ ಚೌಕಗಳ ಜಾಲ, ಒಂದೊಂದು ಚೌಕಕ್ಕೂ ಒಂದೊಂದು ಸಂಖ್ಯೆ), ಅಂದರೆ ಡಿಇಎಂ, ಡಿಜಿಟಲ್ ಎಲಿವೇಶನ್ ಮಾಡೆಲ್.

ಗಡಿ ಎಲ್ಲಿಂದ ಬಂತು ಅಂತ ವಿಚಾರಿಸಿ. ಹಳೆ ಟೊಪೊಶೀಟ್ (ಸರ್ವೆ ಆಫ್ ಇಂಡಿಯಾದ ಕಾಗದದ ನಕ್ಷೆ) ಸ್ಕ್ಯಾನ್ ಮಾಡಿ ಅದರ ಮೇಲೆ ಗೆರೆ ಎಳೆದದ್ದಾದರೆ ಹುಷಾರು. ಆ ಶೀಟ್‌ಗಳು ಎವರೆಸ್ಟ್ ಡೇಟಂನಲ್ಲಿವೆ (ಡೇಟಂ ಅಂದರೆ ಅಕ್ಷಾಂಶ ರೇಖಾಂಶ ಅಳೆಯಲು ಹಿಡಿದ ಆಧಾರ). ಇಂದಿನ ಜಿಪಿಎಸ್, ಉಪಗ್ರಹ ಚಿತ್ರ, ಡಿಇಎಂ ಎಲ್ಲ ಡಬ್ಲ್ಯುಜಿಎಸ್ 84ರಲ್ಲಿ. ಡೇಟಂ ಬದಲಿಸದೆ ಒಂದರ ಮೇಲೊಂದು ಹಾಕಿದರೆ ಗಡಿ ಸುಮಾರು ನೂರು ಮೀಟರ್ ಅತ್ತಿತ್ತ ಜರುಗಿ ಕೂರುತ್ತದೆ. ಬಯಲಿನಲ್ಲಾದರೆ ಇಳಿಜಾರಿನ ಲೆಕ್ಕಕ್ಕೆ ಅಷ್ಟೇನೂ ನಷ್ಟವಿಲ್ಲ. ಘಟ್ಟದಲ್ಲಿ ನೂರು ಮೀಟರ್ ಅಂದರೆ ಗುಡ್ಡದ ನೆತ್ತಿಯಿಂದ ಹಳ್ಳದ ಬದಿಗೆ ಹೋದಂತೆ. ಪರೀಕ್ಷೆ ಸುಲಭ. ಹಳ್ಳವನ್ನೇ ಗಡಿ ಮಾಡಿಕೊಂಡ ಕಡೆ ಉಪಗ್ರಹ ಚಿತ್ರ ಇಟ್ಟು ನೋಡಿ. ಗೆರೆ ಹಳ್ಳದ ಮೇಲೆ ಕೂತಿದೆಯಾ, ಪಕ್ಕದ ಗುಡ್ಡ ಹತ್ತಿದೆಯಾ?

ಡಿಇಎಂ ಆರಿಸುವುದು ಇನ್ನೂ ಮುಖ್ಯ. ಉಚಿತವಾಗಿ ಸಿಗುವ, ಸುಮಾರು 30 ಮೀಟರ್ ಪಿಕ್ಸೆಲ್‌ನ ನಾಲ್ಕು ಡಿಇಎಂ ಹೇಳುತ್ತೇನೆ.

ಎಸ್‌ಆರ್‌ಟಿಎಂ: 2000ರ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ರೇಡಾರ್ ಹಾಯಿಸಿ ಅಳೆದದ್ದು. ಎಲ್ಲರಿಗೂ ಪರಿಚಿತ. ಆದರೆ ಅದು 2000ದ ನೆಲ. ಕುದುರೆಮುಖದ ಗಣಿ 2005ರ ಕೊನೆಯವರೆಗೆ ನಡೆಯಿತು. ಆ ಗುಡ್ಡದ ಇಂದಿನ ಆಕಾರ ಎಸ್‌ಆರ್‌ಟಿಎಂನಲ್ಲಿ ಸಿಗುವುದಿಲ್ಲ.

ಕಾರ್ಟೊಡಿಇಎಂ: ನಮ್ಮ ಇಸ್ರೋದ್ದು. 2005ರಲ್ಲಿ ಹಾರಿದ ಕಾರ್ಟೊಸ್ಯಾಟ್-1 ತೆಗೆದ ಜೋಡಿ ಚಿತ್ರಗಳಿಂದ ಮಾಡಿದ್ದು. ಭುವನ್ ತಾಣದಲ್ಲಿ ಹೆಸರು ನೋಂದಾಯಿಸಿ ಇಳಿಸಿಕೊಳ್ಳಬಹುದು.

ಕೊಪರ್ನಿಕಸ್ 30: ಜರ್ಮನಿಯ ಟ್ಯಾನ್‌ಡೆಮ್-ಎಕ್ಸ್ ರೇಡಾರ್ ಉಪಗ್ರಹಗಳು 2011ರಿಂದ 2015ರವರೆಗೆ ಅಳೆದದ್ದು. ಓಪನ್‌ಟೊಪಾಗ್ರಫಿ ತಾಣದಲ್ಲಿ ಸಿಗುತ್ತದೆ. ಈ ಪಟ್ಟಿಯಲ್ಲಿ ನನ್ನ ಮೊದಲ ಆಯ್ಕೆ ಇದೇ.

ಫ್ಯಾಬ್‌ಡೆಮ್: ಕೊಪರ್ನಿಕಸ್ ಡಿಇಎಂನಿಂದ ಮರ, ಕಟ್ಟಡಗಳ ಎತ್ತರವನ್ನು ಅಂದಾಜಿನಲ್ಲಿ ಕಳೆದು ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2022ರಲ್ಲಿ ಕೊಟ್ಟದ್ದು. ವಾಣಿಜ್ಯ ಕೆಲಸಕ್ಕೆ ಉಚಿತವಲ್ಲ.

ಮರದ ಎತ್ತರ ಯಾಕೆ ಕಳೆಯಬೇಕು ಅಂತೀರಾ? ಕಾಡಿನ ಲೆಕ್ಕದ ದೊಡ್ಡ ಗುಂಡಿ ಇರುವುದೇ ಅಲ್ಲಿ. ಮೇಲಿನಿಂದ ಅಳೆಯುವ ಉಪಗ್ರಹಕ್ಕೆ ದಟ್ಟ ಕಾಡಿನಲ್ಲಿ ಕಾಣುವುದು ಮರದ ತಲೆ. ನೆಲ ಅಲ್ಲ. ರೇಡಾರ್ ಒಂದಿಷ್ಟು ಒಳಗೆ ಇಳಿದರೂ ನಮ್ಮ ಮಳೆಕಾಡಿನಲ್ಲಿ ನೆಲದವರೆಗೆ ಪೂರ್ತಿ ಹೋಗುವುದಿಲ್ಲ. ಕಾಡು ಒಂದೇ ಎತ್ತರಕ್ಕೆ ಹಬ್ಬಿದ್ದರೆ ತೊಂದರೆ ಕಡಿಮೆ. ಎಲ್ಲ ಕಡೆ 25 ಮೀಟರ್ ಸೇರಿದರೆ ಇಳಿಜಾರು ಬದಲಾಗುವುದಿಲ್ಲ. ತೊಂದರೆ ಬರುವುದು ಅಂಚಿನಲ್ಲಿ.

ಲೆಕ್ಕ ಹಾಕಿಯೇ ನೋಡೋಣ. ಸಪಾಟಾದ ಗದ್ದೆ ಬಯಲು, ಅದರ ಪಕ್ಕ ಸಪಾಟು ನೆಲದಲ್ಲೇ 25 ಮೀಟರ್ ಎತ್ತರದ ಕಾಡು. ಡಿಇಎಂಗೆ ಇದು 25 ಮೀಟರಿನ ಮೆಟ್ಟಿಲು. 30 ಮೀಟರ್ ಪಿಕ್ಸೆಲ್‌ನಲ್ಲಿ ಇಳಿಜಾರಿನ ಸೂತ್ರ ಎಡಬಲದ ಪಿಕ್ಸೆಲ್‌ಗಳನ್ನು ಹೋಲಿಸುತ್ತದೆ. 60 ಮೀಟರಿಗೆ 25 ಮೀಟರ್ ಏರು, ಅಂದರೆ 22.6 ಡಿಗ್ರಿ. ನೆಲ ಸಪಾಟು, ಉತ್ತರ 22.6! ನಿಜವಾದ ಇಳಿಜಾರಿನ ಮೇಲೆ ಇದು ಕೂತರೆ ಸಾಧಾರಣ ಜಾಗವೂ 30 ದಾಟಿಬಿಡುತ್ತದೆ.

ಇದರ ಉಲ್ಟಾ ಕೂಡ ಆಗುತ್ತದೆ. ಕುದುರೆಮುಖದ ಕಡೆಯ ಹುಲ್ಲುಗಾವಲು ನೆನಪಿಸಿಕೊಳ್ಳಿ. ಗುಡ್ಡದ ಬೆನ್ನೆಲ್ಲ ಹುಲ್ಲು, ಮಡಿಕೆಯೊಳಗೆ ಮಾತ್ರ ಶೋಲಾ ಕಾಡು. ಮಡಿಕೆಯ ತಳದಲ್ಲಿ ಮರ ಬೆಳೆದು ತಗ್ಗನ್ನು ತುಂಬಿದಂತೆ ಆಗುತ್ತದೆ. ಡಿಇಎಂನಲ್ಲಿ ಆಳದ ಕಣಿವೆ ಆಳವಿಲ್ಲದ್ದಾಗಿ ಕಾಣುತ್ತದೆ, ಕಡಿದಾದ ಬದಿ ಸಾಧಾರಣ ಇಳಿಜಾರಾಗುತ್ತದೆ. ಹುಲ್ಲು, ಶೋಲಾ ಬೆರೆತ ಕಡೆ, ಮರ ಕಡಿದು ಬಿಟ್ಟ ನೆಡುತೋಪು ಮಧ್ಯೆ ಮಧ್ಯೆ ಇರುವ ಕಡೆ ಫ್ಯಾಬ್‌ಡೆಮ್‌ನಲ್ಲೂ ಒಂದು ಸಲ ಓಡಿಸಿ ಹೋಲಿಸುವುದು ಒಳ್ಳೆಯದು.

ಗಡಿಯನ್ನು ಹದ ಮಾಡುವುದು

ಪಾಲಿಗನ್ ಲೇಯರ್ ತೆರೆದು ಮೊದಲು ‘ಫಿಕ್ಸ್ ಜಿಯೋಮೆಟ್ರೀಸ್’ ಓಡಿಸಿ. ತಿರುಚಿಕೊಂಡ ಗೆರೆಗಳು ಸರಿಯಾಗುತ್ತವೆ. ಆಮೇಲೆ ‘ರೀಪ್ರೊಜೆಕ್ಟ್ ಲೇಯರ್’ ತೆಗೆದು ಇಪಿಎಸ್‌ಜಿ 32643ಕ್ಕೆ ಬದಲಿಸಿ. ಇದು ಯುಟಿಎಂ 43 ಉತ್ತರ ವಲಯದ ಗುರುತಿನ ಸಂಖ್ಯೆ. ಯುಟಿಎಂ ಅಂದರೆ ಡಿಗ್ರಿ ಬದಲು ಮೀಟರ್‌ನಲ್ಲಿ ಅಳೆಯುವ ನಕ್ಷೆಯ ವ್ಯವಸ್ಥೆ. ಈ ವಲಯ 72ರಿಂದ 78 ಡಿಗ್ರಿ ರೇಖಾಂಶದವರೆಗೆ ಹೊಂದುತ್ತದೆ. ಕರ್ನಾಟಕದ ಘಟ್ಟ ಪೂರ್ತಿ ಇದರೊಳಗೇ ಬರುತ್ತದೆ. ಕೋಲಾರದ ಕಡೆ ಕೆಲಸವಿದ್ದರೆ ಮಾತ್ರ 44ನೇ ವಲಯ ನೋಡಬೇಕು.

ಯುಟಿಎಂನಲ್ಲಿ ವಿಸ್ತೀರ್ಣ ಪೂರ್ತಿ ನಿಖರ ಅಲ್ಲ ಅನ್ನುವವರಿದ್ದಾರೆ. ನಿಜವೇ. 75 ಡಿಗ್ರಿ ರೇಖೆ ಸಾಗರ, ಆಗುಂಬೆಗಳ ಹತ್ತಿರವೇ ಹಾದುಹೋಗುತ್ತದೆ. ಅಲ್ಲಿ ವಿಸ್ತೀರ್ಣ ಶೇ. 0.08ರಷ್ಟು ಕಡಿಮೆ ಬರುತ್ತದೆ. ಸಾವಿರ ಹೆಕ್ಟೇರಿಗೆ 0.8 ಹೆಕ್ಟೇರ್. ಡಿಇಎಂ ಮಾಡುವ ತಪ್ಪಿನ ಎದುರು ಇದು ಲೆಕ್ಕಕ್ಕೇ ಇಲ್ಲ. ತಲೆ ಕೆಡಿಸಿಕೊಳ್ಳಬೇಡಿ.

ಫೀಲ್ಡ್ ಕ್ಯಾಲ್ಕುಲೇಟರ್‌ನಲ್ಲಿ ವಿಸ್ತೀರ್ಣಕ್ಕೆ ಒಂದು ಕಾಲಂ ಮಾಡಿ, ಚದರ ಮೀಟರನ್ನು 10,000ದಿಂದ ಭಾಗಿಸಿ ಹೆಕ್ಟೇರ್ ತುಂಬಿ. ಕ್ಯೂಜಿಐಎಸ್‌ನಲ್ಲಿ ಡಾಲರ್ ಗುರುತು ಹಚ್ಚಿದ ‘ಏರಿಯಾ’ ಭೂಮಿಯ ಉಬ್ಬನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಗುರುತಿಲ್ಲದ ‘ಏರಿಯಾ’ ಫಂಕ್ಷನ್ ನಕ್ಷೆಯ ಸಮತಲದ ವಿಸ್ತೀರ್ಣ ಕೊಡುತ್ತದೆ. ಎರಡೂ ನಡೆಯುತ್ತವೆ. ಯೋಜನೆಯ ಉದ್ದಕ್ಕೂ ಒಂದನ್ನೇ ಹಿಡಿದುಕೊಳ್ಳಿ.

ಎರಡು ಕಂಪಾರ್ಟ್‌ಮೆಂಟ್ ಒಂದರ ಮೇಲೊಂದು ಹತ್ತಿದ್ದರೆ ಅಷ್ಟು ಜಾಗ ಎರಡು ಸಲ ಎಣಿಕೆಯಾಗುತ್ತದೆ. ‘ಟೊಪಾಲಜಿ ಚೆಕರ್’ನಲ್ಲಿ ನೋಡಿ ಸರಿ ಮಾಡಿ. ಪ್ರತಿ ಪಾಲಿಗನ್‌ಗೂ ಬೇರೆ ಬೇರೆ ಗುರುತಿನ ಸಂಖ್ಯೆ ಇರಲಿ. ಬೇರೆ ಬೇರೆ ಬ್ಲಾಕ್‌ಗಳಲ್ಲಿ ಒಂದೇ ಕಂಪಾರ್ಟ್‌ಮೆಂಟ್ ನಂಬರ್ ಇರುವುದು ಮಾಮೂಲು. ಆದ್ದರಿಂದ ಬ್ಲಾಕಿನ ಹೆಸರನ್ನೂ ಸೇರಿಸಿಕೊಳ್ಳಿ. ಫೈಲನ್ನು ಶೇಪ್‌ಫೈಲ್ ಬದಲು ಜಿಯೋಪ್ಯಾಕೇಜ್ ಆಗಿ ಉಳಿಸಿ. ಶೇಪ್‌ಫೈಲ್‌ನಲ್ಲಿ ಕಾಲಂ ಹೆಸರು 10 ಅಕ್ಷರಕ್ಕೆ ಕತ್ತರಿಸಿ ಹೋಗುತ್ತದೆ, ಆಮೇಲೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ.

ಡಿಇಎಂ ಹದ ಮಾಡುವುದು

ಡಿಇಎಂ ಒಂದು ಡಿಗ್ರಿಗೆ ಒಂದು ಡಿಗ್ರಿ ತುಂಡುಗಳಲ್ಲಿ ಬಂದಿದ್ದು, ನಿಮ್ಮ ಕಾಡು ಎರಡು ತುಂಡುಗಳ ನಡುವೆ ಬಿದ್ದಿದ್ದರೆ ‘ಮರ್ಜ್’ ಮಾಡಿ ಒಂದಾಗಿಸಿ.

ಮುಂದೆ ‘ವಾರ್ಪ್’, ರಾಸ್ಟರನ್ನು ರೀಪ್ರೊಜೆಕ್ಟ್ ಮಾಡುವ ಟೂಲ್. ಇದರಲ್ಲೂ 32643 ಕೊಡಿ. ಪಿಕ್ಸೆಲ್ ಅಳತೆ ಖಾಲಿ ಬಿಡಬೇಡಿ, 30 ಅಂತ ಬರೆಯಿರಿ. ಬಿಟ್ಟರೆ 30.47 ತರಹದ ಯಾವುದೋ ಸಂಖ್ಯೆ ಕೂರುತ್ತದೆ, ಆಮೇಲೆ ಗುಣಿಸುವಾಗ ತಪ್ಪುತ್ತೀರಿ. ರೀಸ್ಯಾಂಪ್ಲಿಂಗ್ (ಹೊಸ ಪಿಕ್ಸೆಲ್‌ಗಳಿಗೆ ಬೆಲೆ ತುಂಬುವ) ವಿಧಾನ ‘ಬೈಲೀನಿಯರ್’ ಅಥವಾ ‘ಕ್ಯೂಬಿಕ್’ ಇರಲಿ. ಮೊದಲೇ ಆಯ್ಕೆಯಾಗಿ ಕೂತಿರುವ ‘ನಿಯರೆಸ್ಟ್ ನೇಬರ್’ ಎತ್ತರದ ಡೇಟಾಗೆ ಸಲ್ಲ. ಅದರಲ್ಲಿ ಕೆಲವು ಸಾಲು ಎರಡೆರಡು ಸಲ ಬಂದು ಇಳಿಜಾರಿನ ನಕ್ಷೆಯಲ್ಲಿ ಬಟ್ಟೆ ನೇಯ್ದ ಹಾಗೆ ಪಟ್ಟೆ ಬೀಳುತ್ತದೆ. ಅಂಥ ಪಟ್ಟೆ ಕಂಡರೆ ಕಾರಣ ಇದೇ.

ಕತ್ತರಿಸುವಾಗ ಕಾಡಿನ ಗಡಿಗೆ ಸರಿಯಾಗಿ ಕತ್ತರಿಸಬೇಡಿ. ಇಳಿಜಾರು ಲೆಕ್ಕ ಹಾಕಲು ಪ್ರತಿ ಪಿಕ್ಸೆಲ್‌ಗೂ ಸುತ್ತಲಿನ ಎಂಟು ನೆರೆಹೊರೆ ಬೇಕು. ಗಡಿಗೆ ಕತ್ತರಿಸಿದರೆ ಅಂಚಿನ ಪಿಕ್ಸೆಲ್‌ಗಳಿಗೆ ನೆರೆ ಇರುವುದಿಲ್ಲ. ಗಡಿಗೆ 300 ಮೀಟರ್ ‘ಬಫರ್’ ಮಾಡಿ, ಆ ಬಫರ್‌ನಿಂದ ‘ಕ್ಲಿಪ್ ರಾಸ್ಟರ್ ಬೈ ಮಾಸ್ಕ್ ಲೇಯರ್’ ಮಾಡಿ.

ಇಳಿಜಾರು ತೆಗೆಯುವುದು

‘ರಾಸ್ಟರ್’ ಮೆನುವಿನ ‘ಅನಾಲಿಸಿಸ್’ನಲ್ಲಿ ‘ಸ್ಲೋಪ್’ ಇದೆ. ಡಿಇಎಂ ಕೊಡಿ. ಶೇಕಡಾದಲ್ಲಿ ಕೊಡು ಅನ್ನುವ ಚೌಕಕ್ಕೆ ಟಿಕ್ ಹಾಕಬೇಡಿ. ನನ್ನ ಮಾನ ಕಳೆದದ್ದು ಅದೇ ಚೌಕ. ಸಾಮಾನ್ಯವಾಗಿ ಇದು ಬಳಸುವುದು 1981ರಲ್ಲಿ ಬರ್ಥೋಲ್ಡ್ ಹಾರ್ನ್ ಬರೆದ ಸೂತ್ರ. ಮೂರಕ್ಕೆ ಮೂರು ಪಿಕ್ಸೆಲ್‌ಗಳ ಚೌಕ ಇಟ್ಟು, ಹತ್ತಿರದ ನಾಲ್ಕು ನೆರೆಗೆ ಜಾಸ್ತಿ ತೂಕ, ಮೂಲೆಯ ನಾಲ್ಕಕ್ಕೆ ಕಡಿಮೆ ತೂಕ ಕೊಟ್ಟು ಏರು ಲೆಕ್ಕ ಹಾಕುತ್ತದೆ. ಕಾಡುಗುಡ್ಡಕ್ಕೆ ಸಾಕು.

ಬಂದ ರಾಸ್ಟರ್‌ನ ಅತಿ ದೊಡ್ಡ ಬೆಲೆ ನೋಡಿ. ಎಲ್ಲ ಕಡೆ 89, 90 ಅಂತ ಬಂದರೆ ನೀವು ವಾರ್ಪ್ ಮರೆತಿದ್ದೀರಿ. ಅಕ್ಷಾಂಶ ರೇಖಾಂಶದ ಡಿಇಎಂನಲ್ಲಿ ಪಿಕ್ಸೆಲ್ ಅಗಲ ಡಿಗ್ರಿಯಲ್ಲಿ, ಎತ್ತರ ಮೀಟರ್‌ನಲ್ಲಿ. ಅದರ ಪ್ರಕಾರ 0.0003 ಅಗಲಕ್ಕೆ ಹತ್ತು ಮೀಟರ್ ಏರು! ಕಾಡೆಲ್ಲ ಗೋಡೆ ಆಗದೆ ಇರುತ್ತದೆಯೇ. ಅತಿ ದೊಡ್ಡ ಬೆಲೆ ನೂರು ದಾಟಿದ್ದರೆ ಶೇಕಡಾ ಟಿಕ್ ಆಗಿದೆ ಅಂತ ಅರ್ಥ. ಡಿಗ್ರಿ 90 ದಾಟಲು ಸಾಧ್ಯವೇ ಇಲ್ಲವಲ್ಲ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ, ಕಾಗದದ ಮೇಲೆ ಮಾಡುವಂಥದ್ದು. ಸರ್ವೆ ಆಫ್ ಇಂಡಿಯಾದ 1:50,000 ಟೊಪೊಶೀಟ್‌ನಲ್ಲಿ ಕಾಂಟೂರ್ ಗೆರೆಗಳು 20 ಮೀಟರಿಗೊಂದು. 30 ಡಿಗ್ರಿ ಇಳಿಜಾರಿನಲ್ಲಿ 20 ಮೀಟರ್ ಏರಲು 34.6 ಮೀಟರ್ ಮುಂದೆ ಹೋಗಬೇಕು. ಶೀಟ್‌ನಲ್ಲಿ ಅದು 0.7 ಮಿಲಿಮೀಟರ್. ಒಂದು ಗೆರೆಯಿಂದ ಐದು ಗೆರೆ ಆಚೆಗೆ ಅಳೆದರೆ 3.5 ಮಿಲಿಮೀಟರ್. ಸ್ಕೇಲ್ ಇಟ್ಟು ನೋಡಿ. ಐದು ಗೆರೆ ಅದಕ್ಕಿಂತ ಒತ್ತಾಗಿದ್ದರೆ 30 ಡಿಗ್ರಿಗಿಂತ ಕಡಿದು. ಚಾರ್ಮಾಡಿಯದ್ದೋ ಶಿರಾಡಿಯದ್ದೋ ಶೀಟ್ ತೆಗೆದು ನಾಲ್ಕು ಕಡೆ ಹೀಗೆ ನೋಡಿದರೆ ನಿಮ್ಮ ರಾಸ್ಟರ್ ದಾರಿಯಲ್ಲಿದೆಯಾ ಇಲ್ಲವಾ ಗೊತ್ತಾಗಿಬಿಡುತ್ತದೆ.

30 ಮೀಟರ್ ಪಿಕ್ಸೆಲ್ ಇರುವ ಕಡಿದನ್ನೆಲ್ಲ ಹಿಡಿಯುತ್ತದೆ ಅಂದುಕೊಳ್ಳಬೇಡಿ. ರಸ್ತೆ ಬದಿಯ 20 ಮೀಟರ್ ಎತ್ತರದ, ನೆಟ್ಟಗೆ ನಿಂತ ದರೆ ಸಪಾಟಾದ ಎರಡು ಹಂತಗಳ ನಡುವೆ ಇದೆ ಅನ್ನಿ. ಮೇಲಿನ ಸೂತ್ರದಲ್ಲಿ 60 ಮೀಟರಿಗೆ 20 ಮೀಟರ್ ಏರು, 18.4 ಡಿಗ್ರಿ. 30ರ ಮಿತಿಯಲ್ಲಿ ಅದು ಕಾಣುವುದೇ ಇಲ್ಲ. ಪಿಕ್ಸೆಲ್ ದೊಡ್ಡದಾದಷ್ಟೂ ಗುಡ್ಡ ನುಣ್ಣಗಾಗುತ್ತದೆ, ಕಡಿದಾದ ಹೆಕ್ಟೇರ್ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಹಾಗಾಗಿ ಬೇರೆ ಬೇರೆ ಪಿಕ್ಸೆಲ್ ಅಳತೆಯಲ್ಲಿ ಮಾಡಿದ ಎರಡು ವಿಭಾಗಗಳ ಸಂಖ್ಯೆಯನ್ನು ಒಂದೇ ಪಟ್ಟಿಯಲ್ಲಿ ಇಟ್ಟು ಹೋಲಿಸುವುದು ತಪ್ಪು.

ಸೊನ್ನೆ, ಒಂದು ಮಾಡುವುದು

‘ರಾಸ್ಟರ್ ಕ್ಯಾಲ್ಕುಲೇಟರ್’ ತೆರೆದು ಹೀಗೆ ಬರೆಯಿರಿ:

“ಇಳಿಜಾರು@1” >= 30

ಕಡಿದಾದ ಪಿಕ್ಸೆಲ್‌ಗೆ 1, ಉಳಿದದ್ದಕ್ಕೆ 0. ಓದಲು ಸುಲಭವಾಗಲೆಂದು ಲೇಯರ್ ಹೆಸರನ್ನು ಕನ್ನಡದಲ್ಲಿ ಬರೆದಿದ್ದೇನೆ. ನಿಮ್ಮ ಫೈಲ್‌ಗಳ ಹೆಸರು ಇಂಗ್ಲಿಷ್ ಅಕ್ಷರದಲ್ಲೇ, ನಡುವೆ ಖಾಲಿ ಜಾಗ ಇಲ್ಲದೆ ಇರಲಿ. ಕೆಲವು ಹಳೆಯ ಟೂಲ್‌ಗಳು ಬೇರೆ ಲಿಪಿ ಕಂಡರೆ ಮುನಿಸಿಕೊಳ್ಳುತ್ತವೆ.

ಕಡಿದಲ್ಲದ ಜಾಗ ಹೇಗೂ ಬೇಡವಲ್ಲ ಅಂತ ಸೊನ್ನೆಗಳನ್ನು ‘ನೋ ಡೇಟಾ’ (ಬೆಲೆಯೇ ಇಲ್ಲದ ಖಾಲಿ ಪಿಕ್ಸೆಲ್) ಮಾಡಿಬಿಡಬೇಡಿ. ಮುಂದಿನ ಹಂತದಲ್ಲಿ ಸರಾಸರಿ ತೆಗೆಯುತ್ತೇವೆ. ಸೊನ್ನೆ ಮಾಯವಾದರೆ ಎಲ್ಲ ಕಂಪಾರ್ಟ್‌ಮೆಂಟ್‌ನ ಸರಾಸರಿಯೂ 1 ಬರುತ್ತದೆ. ಕಾಡು ನೂರಕ್ಕೆ ನೂರು ಕಡಿದು!

ಹೆಕ್ಟೇರ್ ಎಣಿಸುವುದು

‘ಝೋನಲ್ ಸ್ಟ್ಯಾಟಿಸ್ಟಿಕ್ಸ್’ ತೆರೆಯಿರಿ. ಪಾಲಿಗನ್ ಜಾಗಕ್ಕೆ ಕಂಪಾರ್ಟ್‌ಮೆಂಟ್, ರಾಸ್ಟರ್ ಜಾಗಕ್ಕೆ ಸೊನ್ನೆ-ಒಂದರ ಫೈಲ್. ಕೌಂಟ್, ಸಮ್, ಮೀನ್ ಮೂರನ್ನೂ ಆರಿಸಿ. ಕೌಂಟ್ ಅಂದರೆ ಒಟ್ಟು ಪಿಕ್ಸೆಲ್. ಸಮ್ ಅಂದರೆ ಒಂದುಗಳ ಮೊತ್ತ, ಅಂದರೆ ಕಡಿದಾದ ಪಿಕ್ಸೆಲ್. ಮೀನ್ ಅಂದರೆ ಕಡಿದು ಎಷ್ಟು ಪಾಲು ಅನ್ನುವುದು.

30 ಮೀಟರ್ ಪಿಕ್ಸೆಲ್ ಒಂದಕ್ಕೆ 900 ಚದರ ಮೀಟರ್, 0.09 ಹೆಕ್ಟೇರ್. ಲೆಕ್ಕಕ್ಕೆಂದು ಒಂದು ಕಂಪಾರ್ಟ್‌ಮೆಂಟ್ ಕಲ್ಪಿಸಿಕೊಳ್ಳೋಣ. ಪಾಲಿಗನ್ ವಿಸ್ತೀರ್ಣ 184 ಹೆಕ್ಟೇರ್. ಕೌಂಟ್ 2,041, ಸಮ್ 612. ನೇರವಾಗಿ ಗುಣಿಸಿದರೆ 612 × 0.09 = 55.08 ಹೆಕ್ಟೇರ್. ಪಾಲಿನ ಲೆಕ್ಕದಲ್ಲಿ 612 ÷ 2,041 = 0.29985, ಅದನ್ನು 184ರಿಂದ ಗುಣಿಸಿದರೆ 55.17 ಹೆಕ್ಟೇರ್.

ವ್ಯತ್ಯಾಸ ಯಾಕೆ? ನಡುಬಿಂದು ಗಡಿಯೊಳಗಿರುವ ಪಿಕ್ಸೆಲ್ ಮಾತ್ರ ಎಣಿಕೆಗೆ ಬರುತ್ತದೆ. 2,041 ಪಿಕ್ಸೆಲ್ ಅಂದರೆ 183.69 ಹೆಕ್ಟೇರ್, ಪಾಲಿಗನ್‌ಗಿಂತ ಚೂರು ಕಡಿಮೆ. ನಾನು ಎರಡನೆಯದನ್ನೇ ಬಳಸುತ್ತೇನೆ. ಕಡಿದು ಮತ್ತು ಕಡಿದಲ್ಲದ್ದು ಕೂಡಿದರೆ ದಾಖಲೆಯ 184ಕ್ಕೇ ಸರಿಹೋಗುತ್ತದೆ. ಮೊತ್ತ ತಾಳೆಯಾಗದ ಪಟ್ಟಿಯನ್ನು ಯಾವ ಆಫೀಸಿನಲ್ಲೂ ಯಾರೂ ಮುಂದಕ್ಕೆ ಕಳಿಸುವುದಿಲ್ಲ, ಅಲ್ವಾ?

ಸಣ್ಣ ತುಂಡುಗಳಲ್ಲಿ ಎಚ್ಚರ. ಎರಡು ಹೆಕ್ಟೇರಿನ ನೆಡುತೋಪಿನಲ್ಲಿ ಇರುವುದೇ 22 ಪಿಕ್ಸೆಲ್. ಅಂಚಿನ ಒಂದೆರಡು ಪಿಕ್ಸೆಲ್ ಆಚೀಚೆ ಹೋದರೂ ಶೇಕಡಾ ಹತ್ತರಷ್ಟು ಕುಣಿಯುತ್ತದೆ. ಆಗ ಸೊನ್ನೆ-ಒಂದರ ರಾಸ್ಟರನ್ನು ‘ನಿಯರೆಸ್ಟ್ ನೇಬರ್’ನಲ್ಲೇ 5 ಮೀಟರಿಗೆ ಸೀಳಿ ಎಣಿಸಿ. ಬೆಲೆ ಹಾಗೇ ಉಳಿಯಬೇಕಾದ ಕಡೆ ಈ ವಿಧಾನವೇ ಸರಿ. ಗಡಿ ನಯವಾಗಿ ಎಣಿಕೆಯಾಗುತ್ತದೆ. ಡಿಇಎಂ ಮಾತ್ರ ಇದರಿಂದ ಉತ್ತಮ ಆಗುವುದಿಲ್ಲ, ಹಳೇ 30 ಮೀಟರಿನದ್ದೇ.

ಒಂದೇ ಮಿತಿ ಸಾಲದಿದ್ದರೆ

0–15, 15–25, 25–30, 30ಕ್ಕಿಂತ ಮೇಲೆ ಅಂತ ದರ್ಜೆ ಬೇಕಿದ್ದರೆ ‘ರೀಕ್ಲಾಸಿಫೈ ಬೈ ಟೇಬಲ್’ನಲ್ಲಿ ದರ್ಜೆಗಳಿಗೆ 1, 2, 3, 4 ಕೊಟ್ಟು, ಆ ರಾಸ್ಟರ್ ಮೇಲೆ ‘ಝೋನಲ್ ಹಿಸ್ಟೋಗ್ರಾಂ’ ಓಡಿಸಿ. ಪ್ರತಿ ದರ್ಜೆಗೂ ಒಂದು ಕಾಲಂ ಬರುತ್ತದೆ, ಅದರಲ್ಲಿ ಪಿಕ್ಸೆಲ್ ಎಣಿಕೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಕೆಳಗಿನ ಮಿತಿ ದರ್ಜೆಯೊಳಗೆ ಸೇರುವುದಿಲ್ಲ, ಮೇಲಿನ ಮಿತಿ ಸೇರುತ್ತದೆ. ಹೀಗಾಗಿ ಸರಿಯಾಗಿ 0 ಇರುವ ಪಿಕ್ಸೆಲ್, ಅಂದರೆ ಕೆರೆ, ಹಿನ್ನೀರು, ಹೊರಗುಳಿದು 0 ಅಂತಲೇ ಬೇರೆ ಕಾಲಂನಲ್ಲಿ ಕೂರುತ್ತದೆ. ಮೊದಲ ದರ್ಜೆಯನ್ನು ಮೈನಸ್ 1ರಿಂದ ಶುರು ಮಾಡಿದರೆ ಮುಗಿಯಿತು.

ಆರ್ಕ್‌ಜಿಐಎಸ್ ಇರುವವರಿಗೆ ಇದೇ ಕೆಲಸ ‘ಟ್ಯಾಬ್ಯುಲೇಟ್ ಏರಿಯಾ’ದಲ್ಲಿ ಆಗುತ್ತದೆ. ಸ್ಪೇಷಿಯಲ್ ಅನಲಿಸ್ಟ್ ಲೈಸೆನ್ಸ್ ಬೇಕು.

ನಕ್ಷೆಯಲ್ಲಿ ತೋರಿಸಲು

ಸಂಖ್ಯೆ ಸಾಕಾದರೆ ಇದನ್ನು ಬಿಟ್ಟುಬಿಡಿ. ಫೀಲ್ಡ್‌ಗೆ ಹೋಗುವವರ ಕೈಗೆ ಗಡಿ ಕೊಡಬೇಕಿದ್ದರೆ ರಾಸ್ಟರನ್ನು ಪಾಲಿಗನ್ ಮಾಡಬೇಕು. ನೇರವಾಗಿ ಮಾಡಿದರೆ ಸಾಸಿವೆ ಎರಚಿದ ಹಾಗೆ ಒಂದೊಂದು ಪಿಕ್ಸೆಲ್‌ನ ಸಾವಿರಾರು ತುಂಡು ಬರುತ್ತವೆ. ಮೊದಲು ‘ಸೀವ್’ ಓಡಿಸಿ, ಮಿತಿ 5 ಕೊಡಿ. ಐದು ಪಿಕ್ಸೆಲ್‌ಗಿಂತ ಸಣ್ಣ ಚುಕ್ಕೆಗಳು ಪಕ್ಕದ್ದರಲ್ಲಿ ಕರಗುತ್ತವೆ. ಐದು ಪಿಕ್ಸೆಲ್ ಅಂದರೆ 0.45 ಹೆಕ್ಟೇರ್, ಒಂದು ಎಕರೆ ನಾಲ್ಕೂವರೆ ಗುಂಟೆ. ಅದಕ್ಕಿಂತ ಸಣ್ಣ ಜಾಗವನ್ನು ಕಾಡಿನೊಳಗೆ ಬೇರೆ ಮಾಡಿ ನಿರ್ವಹಿಸುವುದು ಅಷ್ಟರಲ್ಲೇ ಇದೆ. ಆಮೇಲೆ ‘ಪಾಲಿಗೊನೈಸ್’, ‘ಫಿಕ್ಸ್ ಜಿಯೋಮೆಟ್ರೀಸ್’, ಕೊನೆಗೆ ಕಂಪಾರ್ಟ್‌ಮೆಂಟ್ ಜೊತೆ ‘ಇಂಟರ್‌ಸೆಕ್ಷನ್’.

ಸೀವ್ ಆದಮೇಲೆ ವಿಸ್ತೀರ್ಣ ಬದಲಾಗಿರುತ್ತದೆ. ಪಟ್ಟಿಯಲ್ಲಿ ರಾಸ್ಟರ್‌ನ ಸಂಖ್ಯೆ, ನಕ್ಷೆಯಲ್ಲಿ ಸೀವ್ ಮಾಡಿದ ಆಕಾರ ಅಂತ ಎರಡು ಇಟ್ಟರೆ ಯಾರಾದರೂ ನಕ್ಷೆ ಅಳೆದು ಜಗಳಕ್ಕೆ ಬರುತ್ತಾರೆ. ಯಾವುದು ಯಾವುದರಿಂದ ಬಂತು ಅಂತ ನಕ್ಷೆಯ ಕೆಳಗೇ ಒಂದು ಸಾಲು ಬರೆದುಬಿಡಿ.

ಇಳಿಜಾರಿನ ನೆಲ ಜಾಸ್ತಿ ಇರುತ್ತದಲ್ಲ?

ಈ ಪ್ರಶ್ನೆ ಪ್ರತಿ ಸಲ ಬರುತ್ತದೆ, ಪ್ರಶ್ನೆ ಸರಿಯಾಗಿಯೂ ಇದೆ. ಇಲ್ಲಿಯವರೆಗೆ ಎಣಿಸಿದ್ದು ಮೇಲಿನಿಂದ ನೋಡಿದ ಸಮತಲ ವಿಸ್ತೀರ್ಣ. ಪಹಣಿಯಲ್ಲಿರುವ ಎಕರೆ ಗುಂಟೆ, ಅರಣ್ಯ ನಕ್ಷೆಯ ಹೆಕ್ಟೇರ್ ಎಲ್ಲ ಸಮತಲದ್ದೇ. ಹಾಗಾಗಿ ದಾಖಲೆಗೆ ಅದೇ ಸರಿ. ಆದರೆ ಕಳೆ ಕೀಳುವವರು, ಬೆಂಕಿ ರೇಖೆ ಸವರುವವರು ನಡೆಯುವುದು ಇಳಿಜಾರಿನ ಮೇಲೆ. ಆ ನೆಲ ಎಷ್ಟು ಅಂತ ಬೇಕಾದರೆ ಸಮತಲ ವಿಸ್ತೀರ್ಣವನ್ನು ಇಳಿಜಾರಿನ ಕೊಸೈನ್‌ನಿಂದ ಭಾಗಿಸಬೇಕು. 30 ಡಿಗ್ರಿಯಲ್ಲಿ ಒಂದು ಹೆಕ್ಟೇರ್ 1.155 ಆಗುತ್ತದೆ, 40ರಲ್ಲಿ 1.305, 45ರಲ್ಲಿ 1.414.

ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ಪ್ರತಿ ಪಿಕ್ಸೆಲ್‌ಗೂ 0.09ನ್ನು ಕೊಸೈನ್‌ನಿಂದ ಭಾಗಿಸಿ, ಝೋನಲ್ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಮೊತ್ತ ತೆಗೆಯಿರಿ. ಕೊಸೈನ್ ಒಳಗೆ ಡಿಗ್ರಿ ಹಾಕಬೇಡಿ. ಅದಕ್ಕೆ ರೇಡಿಯನ್ ಬೇಕು, ಇಳಿಜಾರನ್ನು 3.14159ರಿಂದ ಗುಣಿಸಿ 180ರಿಂದ ಭಾಗಿಸಿ ಕೊಡಿ. ಈ ಮೊತ್ತವನ್ನೂ ದಾಖಲೆಯ ವಿಸ್ತೀರ್ಣವನ್ನೂ ಒಂದೇ ಕಾಲಂನಲ್ಲಿ ಬೆರೆಸಬೇಡಿ.

ಉತ್ತರವನ್ನು ಅಲುಗಾಡಿಸಿ ನೋಡುವುದು

ಇದೊಂದನ್ನು ಹೆಚ್ಚಿನವರು ಬಿಡುತ್ತಾರೆ. ಮಿತಿಯನ್ನು 27ಕ್ಕೆ ಇಳಿಸಿ ಒಂದು ಸಲ, 33ಕ್ಕೆ ಏರಿಸಿ ಒಂದು ಸಲ ಓಡಿಸಿ. ಮೇಲಿನ ಕಲ್ಪನೆಯ ಕಂಪಾರ್ಟ್‌ಮೆಂಟಿನಲ್ಲಿ 27ಕ್ಕೆ 74 ಹೆಕ್ಟೇರ್, 30ಕ್ಕೆ 55, 33ಕ್ಕೆ 38 ಬಂತು ಅಂದುಕೊಳ್ಳಿ. ಅಂದರೆ ಜಾಸ್ತಿ ನೆಲ ಮಿತಿಯ ಆಸುಪಾಸಿನಲ್ಲೇ ಇದೆ. ಡಿಇಎಂ ಮೂರು ಡಿಗ್ರಿ ತಪ್ಪಿದರೂ ಉತ್ತರ ಮೂರನೇ ಒಂದು ಭಾಗ ಬದಲಾಗುತ್ತದೆ. ಅದೇ 58, 55, 52 ಬಂದಿದ್ದರೆ ಆ ಗುಡ್ಡದ ಆಕಾರವೇ ಖಡಕ್ಕಾಗಿದೆ, ಸಂಖ್ಯೆಯನ್ನು ಧೈರ್ಯವಾಗಿ ಕೊಡಬಹುದು. ಎರಡನೇ ಡಿಇಎಂನಲ್ಲೂ ಹೀಗೇ ಮಾಡಿ. ಎರಡೂ ಕಡಿದು ಅಂದ ಜಾಗ, ಒಂದೇ ಅಂದ ಜಾಗ ಅಂತ ಬೇರೆ ಬಣ್ಣ ಹಾಕಿ. ಆ ಎರಡನೇ ಬಣ್ಣದ ಜಾಗಕ್ಕೆ ಕಾಲ್ನಡಿಗೆಯಲ್ಲಿ ಹೋಗಬೇಕು.

ಹೋಗುವುದಾದರೆ ಮಳೆಗಾಲ ಕಳೆಯಲಿ. ಇಂಬಳ ಕಚ್ಚಿಸಿಕೊಂಡು ಇಳಿಜಾರು ಅಳೆಯುವುದರಲ್ಲಿ ಯಾವ ಸಾಹಸವೂ ಇಲ್ಲ. ರೇಂಜ್ ಆಫೀಸಿನಲ್ಲಿ ಇಳಿಜಾರಿನ ಕೋನ ಅಳೆಯುವ ಹಳೆಯ ಅಬ್ನಿ ಲೆವೆಲ್ ಇದ್ದರೆ ಕೇಳಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಕ್ಲಿನೋಮೀಟರ್. ಮೊಬೈಲ್ ಆ್ಯಪ್ ಕೂಡ ನಡೆಯುತ್ತದೆ. ಪಿಕ್ಸೆಲ್‌ನ ನಡುಬಿಂದುವನ್ನು ಜಿಪಿಎಸ್‌ನಲ್ಲಿ ಹಾಕಿಕೊಂಡು ಹೋಗಿ. ಅಲ್ಲಿಂದ 30 ಮೀಟರ್ ಮೇಲಕ್ಕೂ 30 ಮೀಟರ್ ಕೆಳಕ್ಕೂ, ನಿಮ್ಮ ಕಣ್ಣಿನ ಎತ್ತರಕ್ಕೇ ಗುರುತು ಕಟ್ಟಿದ ಕೋಲಿಗೆ ಗುರಿ ಹಿಡಿದು ಅಳೆಯಿರಿ. ಕಾಲ ಬುಡದ ಎರಡು ಹೆಜ್ಜೆಯ ಇಳಿಜಾರು ಅಳೆದರೆ ರಾಸ್ಟರ್ ಜೊತೆ ಹೋಲಿಸಲು ಬರುವುದಿಲ್ಲ. ಅದು ಅಳೆದದ್ದೇ 60 ಮೀಟರಿನ ಅಂತರದಲ್ಲಿ. ಜೊತೆಗೆ ಆ ಬೀಟಿನ ಗಾರ್ಡ್ ಇರಲಿ. ಯಾವ ಬದಿಯಲ್ಲಿ ಹತ್ತಲಾಗುವುದಿಲ್ಲ ಅಂತ ಅವರಿಗೆ ನಕ್ಷೆ ಇಲ್ಲದೆಯೂ ಗೊತ್ತು.

ಹತ್ತಾರು ಕಂಪಾರ್ಟ್‌ಮೆಂಟ್ ಇದ್ದರೂ ಮೇಲಿನ ಹಂತಗಳನ್ನು ಮತ್ತೆ ಮತ್ತೆ ಮಾಡಬೇಕಿಲ್ಲ, ಝೋನಲ್ ಟೂಲ್‌ಗಳು ಎಲ್ಲ ಪಾಲಿಗನ್‌ಗೂ ಒಟ್ಟಿಗೆ ಎಣಿಸುತ್ತವೆ. ಬೇರೆ ಬೇರೆ ವಿಭಾಗಗಳಿಗೆ ಮಾಡುವವರು ‘ಮಾಡೆಲ್ ಡಿಸೈನರ್’ನಲ್ಲಿ ಒಮ್ಮೆ ಜೋಡಿಸಿಟ್ಟುಕೊಳ್ಳಿ. ಮಿತಿ ಬದಲಿಸಿ ಓಡಿಸುವುದೂ ಆಗ ಎರಡು ನಿಮಿಷದ ಕೆಲಸ.

ವರದಿಯಲ್ಲಿ ಬರೀ “55.17 ಹೆಕ್ಟೇರ್” ಅಂತ ಬರೆಯಬೇಡಿ. ದಶಮಾಂಶದ ನಂತರದ ಆ 17ಕ್ಕೆ 30 ಮೀಟರ್ ಡಿಇಎಂ ಹೊಣೆ ಹೊರುವುದಿಲ್ಲ. ನಾನು ಈಗ ಹೀಗೆ ಬರೆಯುತ್ತೇನೆ: “ಒಟ್ಟು 184 ಹೆಕ್ಟೇರ್. 30 ಡಿಗ್ರಿ ಮತ್ತು ಮೇಲ್ಪಟ್ಟ ಇಳಿಜಾರು ಸುಮಾರು 55 ಹೆಕ್ಟೇರ್, ಸಮತಲ ವಿಸ್ತೀರ್ಣ. ಮಿತಿ 27 ಆದರೆ 74, 33 ಆದರೆ 38. ಕೊಪರ್ನಿಕಸ್ 30 ಮೀಟರ್ ಡಿಇಎಂ, ಹಾರ್ನ್ ವಿಧಾನ, ಯುಟಿಎಂ 43 ಉತ್ತರ. ಮರದ ಎತ್ತರ ಕಳೆದಿಲ್ಲ.”